ನಕ್ಷೆಗೂ ತಾರೀಖು ಬೇಕು

ಮಂಡ್ಯದ ಹಳೆ ಹೆದ್ದಾರಿಯಲ್ಲಿ ನಮ್ಮ ಮಾಮೂ ಟೀ ಅಂಗಡಿ ಇಟ್ಟಿದ್ದಾರೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ರಸ್ತೆ ಉದ್ಘಾಟನೆಯಾಯಿತು. ಈಗ ದೂರದ ಕಾರುಗಳು ಬೈಪಾಸಿನಲ್ಲೇ ಹೋಗುತ್ತವೆ. ಮೊಬೈಲಿನ ನಕ್ಷೆ ನೋಡಿದರೆ ಬೈಪಾಸ್ ಯಾವಾಗಲೂ ಇತ್ತೇನೋ ಅನ್ನಿಸುತ್ತದೆ. ವ್ಯಾಪಾರ ಯಾಕೆ ಬಿತ್ತು ಅಂತ ಅದು ಹೇಳುವುದಿಲ್ಲ.

ಕಂಪ್ಯೂಟರ್ ನಕ್ಷೆಗಳ ವ್ಯವಸ್ಥೆಗೆ ಜಿಐಎಸ್ ಎನ್ನುತ್ತಾರೆ. ಅದರಲ್ಲಿ ಕಾಲವನ್ನು ತೋರಿಸಲು ಸುಲಭದ ದಾರಿ ವರ್ಷಕ್ಕೊಂದು ನಕ್ಷೆ ಇಡುವುದು. ಇದು ನಮ್ಮ ಬ್ಯಾಲೆನ್ಸ್ ಶೀಟ್ ಇದ್ದ ಹಾಗೆ: ಮಾರ್ಚ್ 31ರ ಸ್ಥಿತಿ ಗೊತ್ತಾಗುತ್ತದೆ, ನಡುವೆ ಏನಾಯಿತೆಂದು ಗೊತ್ತಾಗುವುದಿಲ್ಲ. ಇನ್ನೊಂದು ದಾರಿ ಜರ್ನಲ್ ಥರ. ಪ್ರತಿ ರಸ್ತೆಗೂ ಜಮೀನಿಗೂ ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಎಂದು ಬರೆದಿಡುವುದು. ಹಳೆಯದನ್ನು ಅಳಿಸುವುದಿಲ್ಲ, ಮುಗಿದ ತಾರೀಖು ಹಾಕುತ್ತಾರೆ ಅಷ್ಟೆ.

ನಮ್ಮ ಪಹಣಿಯಲ್ಲೂ ಇದು ಸ್ವಲ್ಪ ಇದೆ. ಮಳವಳ್ಳಿ ಕಡೆಯ ಒಬ್ಬ ರೈತರ ಜಮೀನು ಮಕ್ಕಳ ಹೆಸರಿಗೆ ಬಂದರೆ, ಪಕ್ಕದಲ್ಲಿ ಮ್ಯುಟೇಷನ್ ನಂಬರ್ ಇರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋಗಬಹುದು. ಆದರೆ ತಂದೆ ತೀರಿದ ದಿನ ಬೇರೆ, ಖಾತೆ ಬದಲಾದ ದಿನ ಬೇರೆ. ಒಳ್ಳೆಯ ಜಿಐಎಸ್ ಎರಡನ್ನೂ ಇಟ್ಟುಕೊಳ್ಳುತ್ತದೆ. ಜಗಳ ಬರುವುದು ಆ ನಡುವಿನ ದಿನಗಳಿಗೇ ತಾನೆ!

ಗೂಗಲ್ ಅರ್ತ್‌ನಲ್ಲಿ ಹಳೆ ವರ್ಷಗಳ ಚಿತ್ರ ಸಿಗುತ್ತದೆ. ಮಾಮೂಗೆ ತೋರಿಸುತ್ತಾ ಹಿಂದೆ ಹಿಂದೆ ಹೋದೆ. ಬೈಪಾಸ್ ಮಾಯವಾಗಿ ಗದ್ದೆ ಬಂದಾಗ, “ಇಲ್ಲೇ ನಿಲ್ಲಿಸು” ಅಂದರು.