ಅಗ್ನಿಶಾಮಕ ವಾಹನ ಬಂದು ತಲುಪುವ ಮುನ್ನ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ಸೀಮೆಯಲ್ಲಿ ಅದು ಬಿಸಿಲು ನೆತ್ತಿ ಸುಡುವ ಕಾಲ. ಹಿತ್ತಲಲ್ಲಿ ಒಣಮೇವಿನ ಬಣವೆ, ಮದುವೆ ಮನೆಗಳ ಮುಂದೆ ಚಪ್ಪರ, ಕೆರೆಗಳಲ್ಲಿ ತಳ ಕಂಡ ನೀರು. ಎಷ್ಟೋ ವರ್ಷ ನಮ್ಮ ಪವಿತ್ರ ವಾರವೂ ಈ ದಿನಗಳಲ್ಲೇ ಬರುತ್ತದೆ. 2025ರಲ್ಲಂತೂ ಪಾಸ್ಕ ಹಬ್ಬವು ಸಪ್ತಾಹದ ಕೊನೆಯ ದಿನವೇ ಬಂದಿತ್ತು.

ಏಪ್ರಿಲ್ 14ರ ಹಿಂದೆ ಒಂದು ದುರಂತದ ನೆನಪಿದೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಹಡಗಿನಲ್ಲಿ ಹತ್ತಿಯ ಅಂಡಿಗೆಗಳಿದ್ದವು. ಅವುಗಳ ಜೊತೆಗೆ ಸುಮಾರು 1,400 ಟನ್ ಸ್ಫೋಟಕಗಳೂ ಇದ್ದವು. ಹತ್ತಿಯ ಒಳಗೆ ಹೊಗೆಯಾಡುತ್ತಿದ್ದ ಕಿಚ್ಚನ್ನು ಆರಿಸಲು ಅಗ್ನಿಶಾಮಕ ಸಿಬ್ಬಂದಿ ಹೆಣಗುತ್ತಿದ್ದಾಗಲೇ ಹಡಗು ಸಿಡಿಯಿತು. ಮಡಿದ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿಯೇ ಆಗಿದ್ದರು. ಹತ್ತಿಯಲ್ಲಿ ಬೆಂಕಿ ಹೊರಗೆ ಕಾಣಿಸದೆ ಒಳಗೇ ತಿನ್ನುತ್ತಾ ಹೋಗುವ ಈ ಬಗೆಯು ನಮ್ಮ ರೈತಬಂಧುಗಳಿಗೆ ಹೊಸದಲ್ಲ; ಬಣವೆಯಲ್ಲಿಯೂ ಆಗುವುದು ಇದೇ.

ನಮ್ಮ ರಾಜ್ಯದಲ್ಲಿ 1964ರ ಕಾಯಿದೆಯಡಿ ರೂಪುಗೊಂಡ ಅಗ್ನಿಶಾಮಕ ದಳಕ್ಕೆ ಇಂದು ‘ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’ ಎಂಬ ಹೆಸರಿದೆ. ಹೆಸರಿನಲ್ಲಿ ‘ತುರ್ತು ಸೇವೆ’ ಸೇರಿರುವುದು ಅರ್ಥಪೂರ್ಣವೇ ಸರಿ. ಬಾವಿಗೆ ಬಿದ್ದ ಎಮ್ಮೆಯನ್ನು ಮೇಲೆತ್ತುವುದು, ತುಂಗಭದ್ರೆ ಉಕ್ಕಿದಾಗ ನದಿಯಂಚಿನ ಜನರನ್ನು ದೋಣಿಯಲ್ಲಿ ಕರೆತರುವುದು, ಅಪಘಾತದಲ್ಲಿ ನಜ್ಜುಗುಜ್ಜಾದ ಲಾರಿಯೊಳಗೆ ಸಿಲುಕಿದ ಚಾಲಕನನ್ನು ಬಿಡಿಸುವುದು, ಕೊಟ್ಟೂರು ರಥೋತ್ಸವದಂಥ ಜನಜಂಗುಳಿಯ ಜಾತ್ರೆಗಳಲ್ಲಿ ಸಜ್ಜಾಗಿ ನಿಲ್ಲುವುದು, ಇವೆಲ್ಲವೂ ಅವರ ಕರ್ತವ್ಯವೇ. ಬೆಂಕಿಯ ಕರೆಗೆ ಓಗೊಟ್ಟು ಬರುವುದಕ್ಕೆ ಯಾವ ಶುಲ್ಕವೂ ಇಲ್ಲ. “ಗಾಡಿ ಕರೆಸಿದರೆ ಎಷ್ಟು ಖರ್ಚಾದೀತೋ” ಎಂದು ಹಿಂಜರಿಯುವವರು ಈಗಲೂ ಉಂಟಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಆದರೆ ಠಾಣೆ ಇರುವುದು ಪೇಟೆಯಲ್ಲಿ, ಬೆಂಕಿ ಬೀಳುವುದು ಹಳ್ಳಿಯಲ್ಲಿ. ಹಡಗಲಿಯಿಂದ ಮೈಲಾರದ ಕಡೆಗೋ, ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೋ, ಹರಪನಹಳ್ಳಿಯಿಂದ ಉಚ್ಚಂಗಿದುರ್ಗದ ಕಡೆಗೋ ಹೊರಟ ಭಾರದ ವಾಹನವು ಎಷ್ಟೇ ವೇಗವಾಗಿ ಬಂದರೂ ಹೊತ್ತು ಹಿಡಿಯುತ್ತದೆ. ಆ ಅಂತರದಲ್ಲಿ ಮನೆಯವರೂ ನೆರೆಹೊರೆಯವರೂ ಏನು ಮಾಡುತ್ತಾರೆ ಎಂಬುದರ ಮೇಲೆ ಪ್ರಾಣ, ಮನೆ, ದನಕರು ಉಳಿಯುವುದು ನಿಂತಿದೆ. ಇಲಾಖೆಯು ಶಾಲೆಗಳಲ್ಲಿ, ಸಂತೆಯ ಬಯಲಿನಲ್ಲಿ ನಡೆಸುವ ಪ್ರಾತ್ಯಕ್ಷಿಕೆಗಳನ್ನು ಮಕ್ಕಳ ಮನರಂಜನೆಯೆಂದು ಭಾವಿಸಿ ದೂರ ನಿಲ್ಲುವ ಹಿರಿಯರನ್ನು ಕಂಡಾಗ ಖೇದವೆನಿಸುತ್ತದೆ.

ಮೊದಲು ಕರೆಯ ವಿಚಾರ. 101 ಅಥವಾ 112, ಈ ಎರಡರಲ್ಲಿ ಯಾವುದಕ್ಕೆ ಕರೆ ಮಾಡಿದರೂ ಸರಿ. ಆದರೆ 112ರಲ್ಲಿ ಮಾತನಾಡುವವರು ನಿಮ್ಮ ಸೀಮೆಯವರೇ ಆಗಿರಬೇಕೆಂದಿಲ್ಲ. ಹೊಸಹಳ್ಳಿಯೆಂಬ ಹೆಸರಿನ ಊರುಗಳು ಒಂದೆರಡಲ್ಲ; ತಾಂಡಾಗಳ ಹೆಸರುಗಳೂ ಹಾಗೆಯೇ. ಆದ್ದರಿಂದ ಊರಿನ ಜೊತೆಗೆ ತಾಲ್ಲೂಕನ್ನೂ, ಯಾವ ರಸ್ತೆಯಲ್ಲಿ ಯಾವ ಗುರುತಿನ ಬಳಿ ತಿರುಗಬೇಕೆಂಬುದನ್ನೂ, ಉರಿಯುತ್ತಿರುವುದು ಮನೆಯೋ ಬಣವೆಯೋ ವಾಹನವೋ, ಒಳಗೆ ಯಾರಾದರೂ ಸಿಲುಕಿದ್ದಾರೆಯೋ ಎಂಬುದನ್ನೂ ಹೇಳಬೇಕು. ಅವರು ಸಾಕೆನ್ನುವವರೆಗೆ ಫೋನ್ ಇಡಬಾರದು. ಒಬ್ಬ ಯುವಕನನ್ನು ಮುಖ್ಯರಸ್ತೆಗೆ ಕಳುಹಿಸಿ, ರಾತ್ರಿಯಾದರೆ ಕೈಯಲ್ಲಿ ಟಾರ್ಚ್ ಕೊಟ್ಟು ನಿಲ್ಲಿಸಿದರೆ ವಾಹನವು ದಾರಿ ತಪ್ಪಿ ಅಲೆಯುವುದು ತಪ್ಪುತ್ತದೆ.

ಕರೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ಕಂಡ ನಿದರ್ಶನವೊಂದಿದೆ. 2019ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ ಸಂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಎಚ್ಚರಿಕೆಯ ಗಂಟೆಯೇನೋ ಸಕಾಲಕ್ಕೆ ಮೊಳಗಿತು. ಆದರೆ ಕಾವಲಿನವರು ತಪ್ಪು ಜಾಗಕ್ಕೆ ಹೋಗಿ ನೋಡಿ, ಬೆಂಕಿಯಿಲ್ಲವೆಂದು ತಿಳಿದರು. ನಿಜವಾದ ಜಾಗ ಪತ್ತೆಯಾಗಿ ಅಗ್ನಿಶಾಮಕ ದಳಕ್ಕೆ ಕರೆ ಹೋಗುವಷ್ಟರಲ್ಲಿ ಸುಮಾರು ಅರ್ಧ ಗಂಟೆ ಕಳೆದಿತ್ತು. ಶತಮಾನಗಳ ಹಳೆಯ ಮರದ ಛಾವಣಿ ಉರಿದುಹೋಯಿತು, ಗೋಪುರದ ಮೊನೆ ಕುಸಿಯಿತು. ದಳದ ಆಧ್ಯಾತ್ಮಿಕ ಗುರು ಫಾದರ್ ಜಾನ್-ಮಾರ್ಕ್ ಫೂರ್ನಿಯೇ ಅವರು ಸಿಬ್ಬಂದಿಯೊಡನೆ ಒಳಹೊಕ್ಕು ಪರಮ ಪ್ರಸಾದವನ್ನೂ ಪ್ರಭುವಿನ ಮುಳ್ಳಿನ ಕಿರೀಟವನ್ನೂ ರಕ್ಷಿಸುವಲ್ಲಿ ನೆರವಾದ ಸಂಗತಿ ಬಹಳ ಪ್ರಚಾರ ಪಡೆಯಿತು. ಮಹಾದೇವಾಲಯದ ಬಾಗಿಲು ಮತ್ತೆ ತೆರೆದದ್ದು 2024ರ ಡಿಸೆಂಬರಿನಲ್ಲಿ. ಅಷ್ಟೆಲ್ಲ ಸಾಧನ ಸಂಪತ್ತಿದ್ದ ಕಡೆಯೇ ಅರ್ಧ ಗಂಟೆಯ ಬೆಲೆ ಇಷ್ಟಾದರೆ, ಗಾಳಿಗೆ ಒಡ್ಡಿಕೊಂಡಿರುವ ನಮ್ಮ ಹಿತ್ತಲುಗಳ ಪಾಡೇನು?

ಬಣವೆಗೆ ಬೆಂಕಿ ಬಿತ್ತೆಂದರೆ ರೈತನಿಗೆ ಮುಂದಿನ ಮಳೆಗಾಲದವರೆಗಿನ ಮೇವೇ ಹೋದಂತೆ. ಕೊಡಗಟ್ಟಲೆ ನೀರು ಸುರಿದರೂ ಅದು ಮೇಲ್ಪದರದಲ್ಲೇ ಜಾರಿಹೋಗುತ್ತದೆ, ಒಳಗಿನ ಕೆಂಡಕ್ಕೆ ತಾಗುವುದಿಲ್ಲ. ಅದಕ್ಕಾಗಿಯೇ ಸಿಬ್ಬಂದಿಯು ಬಣವೆಯನ್ನು ಎಳೆದು ಹರಡಿ ನೀರು ಹಾಯಿಸುತ್ತಾರೆ. “ಉಳಿದದ್ದನ್ನೂ ಕೆಡವಿದರು” ಎಂದು ಅವರ ಮೇಲೆ ರೇಗುವುದು ಅನ್ಯಾಯ. ಹಾಗೆ ಬಿಡಿಸದಿದ್ದರೆ ಆರಿತೆಂದುಕೊಂಡ ಬಣವೆ ನಡುರಾತ್ರಿ ಮತ್ತೆ ಹೊತ್ತಿಕೊಳ್ಳುತ್ತದೆ. ವಾಹನದ ಟ್ಯಾಂಕಿನಲ್ಲಿರುವ ಕೆಲವು ಸಾವಿರ ಲೀಟರ್ ನೀರು ಪೂರ್ಣ ಒತ್ತಡದಲ್ಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹತ್ತಿರದ ಕೃಷಿಹೊಂಡ, ಕೆರೆ ಅಥವಾ ಕೊಳವೆಬಾವಿ ಎಲ್ಲಿದೆ, ಅಲ್ಲಿಗೆ ವಾಹನ ಹೋಗುವ ದಾರಿಯಿದೆಯೇ ಎಂಬುದನ್ನು ಊರಿನವರು ಮೊದಲೇ ಅರಿತಿರುವುದು ಒಳಿತು. ಬಣವೆಗಳನ್ನು ವಿದ್ಯುತ್ ತಂತಿಯ ಕೆಳಗೆ ಒಟ್ಟಬಾರದು, ಒಂದಕ್ಕೊಂದು ತಾಗಿಸಿ ಒಟ್ಟಬಾರದು. ಹಸಿಯಿರುವ ಮೇವನ್ನು ಒಟ್ಟಿದರೆ ಒಳಗೆ ಕಾವೇರಿ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು.

ಇನ್ನೊಂದು ಮಾತು ರಸ್ತೆಯ ಮೇಲಿನ ಒಕ್ಕಣೆಯ ಬಗ್ಗೆ. ಹುರುಳಿ, ಜೋಳ, ರಾಗಿಯನ್ನು ಡಾಂಬರು ರಸ್ತೆಯಲ್ಲಿ ಹರಡುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಹುರುಳಿಯ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಹೊಗೆಕೊಳವೆಯ ಕಾವಿಗೆ ಹೊತ್ತಿಕೊಂಡು, ಕಾರೇ ಸುಟ್ಟುಹೋದ ಪ್ರಸಂಗಗಳು ರಾಜ್ಯದ ಹಲವೆಡೆ ನಡೆದಿವೆ. ಅಂಥ ಹುಲ್ಲಿನ ಮೇಲೆ ಕಾರು ಓಡಿಸಬೇಕಾಗಿ ಬಂದರೆ, ಸ್ವಲ್ಪ ಮುಂದೆ ನಿಲ್ಲಿಸಿ ಬಗ್ಗಿ ನೋಡುವುದರಲ್ಲಿ ನಷ್ಟವೇನೂ ಇಲ್ಲ.

ಅಡುಗೆಮನೆಯ ಅನಿಲ ಗಾಳಿಗಿಂತ ಭಾರವಾದುದು. ಸೋರಿದಾಗ ನೆಲಮಟ್ಟದಲ್ಲೇ ಹರಡುತ್ತದೆ. ವಾಸನೆ ಬಂದೊಡನೆ ವಿದ್ಯುತ್ ಸ್ವಿಚ್ಚನ್ನು ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಬರಬೇಕು. ಸೋರಿಕೆಗೆಂದೇ 1906 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯುವುದು ಮಹಾ ಅಪಾಯ; ಒಲೆ ಆರಿಸಿ ಮುಚ್ಚಳ ಮುಚ್ಚಿದರೆ ಸಾಕು. ಮೈಗೆ ಬೆಂಕಿ ತಗುಲಿದವರು ಓಡದೆ ನೆಲಕ್ಕೆ ಉರುಳಬೇಕು, ಬಳಿಯಿದ್ದವರು ಕಂಬಳಿ ಹೊದಿಸಬೇಕು. ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕೇ ವಿನಾ ಶಾಯಿ, ಟೂತ್‌ಪೇಸ್ಟ್, ತುಪ್ಪ ಹಚ್ಚಕೂಡದು.

ಮನೆಯ ಬೆಂಕಿಯಲ್ಲಿ ಬಹುಮಟ್ಟಿಗೆ ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. 2022ರ ಏಪ್ರಿಲ್‌ನಲ್ಲಿ ನಮಗೆ ನೆರೆಯದಾದ ಮರಿಯಮ್ಮನಹಳ್ಳಿಯಲ್ಲಿ ರಾತ್ರಿ ಮನೆಗೆ ಬೆಂಕಿ ಹೊತ್ತಿಕೊಂಡು ತಂದೆ, ತಾಯಿ, ಇಬ್ಬರು ಮಕ್ಕಳು ಮೃತಪಟ್ಟದ್ದನ್ನು ಈ ಭಾಗದ ಜನ ಮರೆತಿಲ್ಲ. ಹೊಗೆ ತುಂಬಿದ ಕೋಣೆಯಲ್ಲಿ ಉಸಿರಾಡಬಹುದಾದ ಗಾಳಿ ಇರುವುದು ನೆಲಕ್ಕೆ ಹತ್ತಿರ. ಆದ್ದರಿಂದ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು ತೆವಳಿಕೊಂಡು ಹೊರಬರಬೇಕೆಂದು ಸಿಬ್ಬಂದಿ ಕಲಿಸುತ್ತಾರೆ. ಮಲಗುವ ಕೋಣೆಯಿಂದ ಹೊರಹೋಗುವ ಎರಡನೆಯ ದಾರಿ ಯಾವುದೆಂದು ಇಂದು ರಾತ್ರಿಯೇ ಮನೆಮಂದಿ ಕುಳಿತು ಮಾತನಾಡಬಹುದು.

ನಮ್ಮ ದೇವಾಲಯಗಳೂ ಇದಕ್ಕೆ ಹೊರತಲ್ಲ. ಕ್ರಿಸ್ಮಸ್ ಗೋದಲಿಯಲ್ಲಿ ಒಣಹುಲ್ಲು, ಅದರ ನಡುವೆ ಅಗ್ಗದ ಬಣ್ಣದ ದೀಪಗಳ ಸರ, ಅದೂ ರಾತ್ರಿಯಿಡೀ! ಪಾಸ್ಕ ಜಾಗರಣೆಯಲ್ಲಿ ದೀಪವಾರಿಸಿದ ದೇವಾಲಯದೊಳಗೆ ಎಲ್ಲರ ಕೈಯಲ್ಲೂ ಉರಿಯುವ ಮೇಣದಬತ್ತಿ, ಮುಂದಿನ ಸಾಲಿನಲ್ಲಿ ಸೀರೆಯ ಸೆರಗು, ಮಕ್ಕಳ ತಲೆಗೂದಲು. ಹೊಸ ಬೆಂಕಿಯ ಬಳಿ ಎರಡು ಬಕೆಟ್ ಮರಳು ಇಡುವುದು, ಪಕ್ಕದ ಬಾಗಿಲಿನ ಬೀಗ ತೆಗೆದಿಡುವುದು ಆರಾಧನೆಗೆ ಅಡ್ಡಿಯಾಗದು.

ಪ್ರಾತ್ಯಕ್ಷಿಕೆ ಬೇಕಾದಲ್ಲಿ ಧರ್ಮಕೇಂದ್ರದ ಗುರುಗಳು, ಶಾಲೆಯ ಮುಖ್ಯಸ್ಥರು ಅಥವಾ ಮಹಿಳಾ ಸಂಘದವರು ಸಮೀಪದ ಅಗ್ನಿಶಾಮಕ ಠಾಣಾಧಿಕಾರಿಗಳಿಗೆ ಒಂದು ಮನವಿ ಪತ್ರ ಕೊಟ್ಟು, ಅವರಿಗೆ ಅನುಕೂಲವಾದ ದಿನವನ್ನು ಗೊತ್ತುಪಡಿಸಿಕೊಳ್ಳಬಹುದು. ಸಪ್ತಾಹದವರೆಗೆ ಕಾಯಬೇಕಾಗಿಲ್ಲ. ಭಾನುವಾರದ ಬಲಿಪೂಜೆಯ ನಂತರ ಎಲ್ಲರೂ ಸೇರಿರುವ ಹೊತ್ತಾದರೆ ಇನ್ನೂ ಒಳ್ಳೆಯದು. ಗೋಡೆಗೆ ತೂಗುಹಾಕಿದ ಕೆಂಪು ನಂದಕವನ್ನು ಒಬ್ಬೊಬ್ಬರೂ ಕೈಯಲ್ಲಿ ಹಿಡಿದು, ಪಿನ್ ಕಿತ್ತು, ಮೂತಿಯನ್ನು ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಆಡಿಸಿ ನೋಡುವಂತೆ ಅವರನ್ನು ಕೇಳಿಕೊಳ್ಳಿರಿ. ಅಜ್ಜಿಯರನ್ನೂ ಬಿಡಬೇಡಿ, ಹಗಲು ಹೊತ್ತು ಮನೆಯಲ್ಲಿರುವವರು ಅವರೇ.