ಹೊರಳಿ ಓಡುವ ಲೆಕ್ಕ

ಹೊಳಲ್ಕೆರೆಯಲ್ಲಿ ನನ್ನ ಮೊಮ್ಮಗಳು ಖೋ ಖೋ ಆಡುತ್ತಾಳೆ. ಅವಳ ಏದುಸಿರು ಕಂಡು ಅಜ್ಜಿ, "ಏನ್ರೀ, ಮಗೂಗೆ ಶಕ್ತಿ ಸಾಲ್ದು, ಆಟ ಬಿಡ್ಸಿಬಿಡಿ" ಅಂದಳು.

ಮಕ್ಕಳೇ, 400 ಮೀಟರ್ ನೇರ ಓಟ, 20 ಮೀಟರಿನೊಳಗೆ 10 ಸಲ ಹೋಗಿಬರುವ ಓಟ, ಎರಡರ ದೂರವೂ ಒಂದೇ. ದಣಿವು ಒಂದೇ ಅಲ್ಲ. ಎರಡನೆಯದರಲ್ಲಿ 19 ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಮೈಯನ್ನು ತಡೆದು ನಿಲ್ಲಿಸಿ, ಮತ್ತೆ ವೇಗ ತುಂಬಬೇಕು. 30 ಕಿಲೋ ತೂಕದ ಮಗು ಸೆಕೆಂಡಿಗೆ 4 ಮೀಟರ್ ಓಡುತ್ತಿದ್ದರೆ, ಒಂದು ತಿರುವಿಗೆ 240 ಜೂಲ್ ಹೊಸ ಖರ್ಚು. ತಡೆದಾಗ ಹೋದದ್ದು ಖಾತೆಗೆ ಪೂರ್ತಿ ಜಮೆಯಾಗದು! ಸ್ನಾಯುಗಳು ಸುಡುವುದಂತೂ ಇದರ ಹಲವು ಪಟ್ಟು. ಕ್ರಿಕೆಟಿಗರ ಯೋ-ಯೋ ಪರೀಕ್ಷೆಯೂ 20 ಮೀಟರಿನ ಇಂಥ ಓಟವೇ.

ಎದೆನೋವು, ತಲೆಸುತ್ತು ಬಂದರೆ ವೈದ್ಯರಿಗೆ ತೋರಿಸಬೇಕು, ಅದು ಬೇರೆ ಮಾತು. ಮೊಮ್ಮಗಳಿಗೆ ಅದೇನಿಲ್ಲ. ಈಗ ಅಭ್ಯಾಸದ ದಿನ ಅಜ್ಜಿಯೇ ಡಬ್ಬಿಗೆ ಎರಡು ಶೇಂಗಾ ಉಂಡೆ ಹಾಕುತ್ತಾಳೆ.