ಹಿಮನಾಡಿನಿಂದ ದಕ್ಷಿಣಕ್ಕೆ: ಮನೆಯನ್ನೇ ಎಳೆದುಕೊಂಡು ಹೋದ ಒಂಬತ್ತು ದಿನಗಳು

ಮಾಘ ಮಾಸ ಕಳೆಯುವ ಹೊತ್ತಿಗೆ ನಮ್ಮ ಕರ್ನಾಟಕದಲ್ಲಿ ಮಾವಿನ ಮರಗಳು ಹೂ ಬಿಟ್ಟು ನಿಂತಿರುತ್ತವೆ. ಅಮೇರಿಕೆಯ ಉತ್ತರ ಭಾಗದ ಮಿಶಿಗನ್ ರಾಜ್ಯದಲ್ಲಿ ನೆಲೆಸಿರುವ ನಮ್ಮಂಥವರಿಗಾದರೋ ಫೆಬ್ರವರಿ ಎಂದರೆ ಇನ್ನೂ ಅಂಗಳದ ಹಿಮ ಸರಿಸುವ ಕಾಲವೇ. ಧಾರವಾಡದ ಬಿಸಿಲಿನಲ್ಲಿ ಎಪ್ಪತ್ತೆರಡು ವರ್ಷ ಕಳೆದು, ಕೆಲವು ಕಾಲ ನಮ್ಮೊಡನೆ ಇರಲೆಂದು ಬಂದಿದ್ದ ತಾಯಿಯವರು ನವೆಂಬರಿನಿಂದ ಹೊಸ್ತಿಲು ದಾಟಿದ್ದೇ ಅಪರೂಪ. "ತಮ್ಮಾ, ನಿಮ್ಮ ಊರಾಗ ಸೂರ್ಯಾನೂ ರಜಾ ಮ್ಯಾಲ ಹೋಗ್ಯಾನೇನು?" ಎಂದು ಅವರು ಒಂದು ಮುಂಜಾನೆ ಕಿಟಕಿಯ ಬಳಿ ಕುಳಿತು ಕೇಳಿದಾಗ ಮನೆಯವರೆಲ್ಲ ನಕ್ಕೆವು. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮಕ್ಕಳಿಗೆ ಮಧ್ಯಚಳಿಗಾಲದ ರಜೆ ಬಂದೊಡನೆ ಬಿಸಿಲನ್ನು ಹುಡುಕಿಕೊಂಡು ದಕ್ಷಿಣದ ಫ್ಲಾರಿಡಾಕ್ಕೆ ಹೋಗುವುದೆಂದು ನಿಶ್ಚಯಿಸಿದೆವು.

ತಾಯಿಯವರಿಗೆ ಮೊಣಕಾಲು ನೋವು. ಹೋಟೆಲಿನ ಊಟ ಒಗ್ಗದು. ಸ್ನಾನ, ಪೂಜೆಗಳಿಗೆ ತಮ್ಮದೇ ಆದ ಮೂಲೆಯೊಂದು ಬೇಕು. ಆದ್ದರಿಂದ ಹಿಂದಿನ ಬೇಸಿಗೆಯಲ್ಲಿ ಕೊಂಡಿದ್ದ ಕ್ಯಾಂಪರನ್ನೇ ಪಿಕಪ್ ಟ್ರಕ್ಕಿಗೆ ಜೋಡಿಸಿ ಹೊರಡುವುದೆಂದಾಯಿತು. ಕ್ಯಾಂಪರ್ ಎಂದರೆ ಗಾಲಿಯ ಮೇಲಿನ ಪುಟ್ಟ ಮನೆ. ನಮ್ಮದು 24 ಅಡಿ ಉದ್ದದ್ದು. ಅಡಿಗೆಯ ಒಲೆ, ಮಂಚಗಳು, ಬಚ್ಚಲು, ಶೌಚಾಲಯ ಎಲ್ಲವೂ ಅದರಲ್ಲಿವೆ. ಸಾಮಾನು ತುಂಬಿದ ಮೇಲೆ ಅದರ ತೂಕ ಸುಮಾರು 5,000 ಪೌಂಡ್, ಅಂದರೆ 2,270 ಕಿಲೋ.

ಬೇಸಿಗೆಯಲ್ಲಿ ಇಂಥ ಗಾಡಿಯನ್ನು ಎಳೆಯುವುದು ಒಂದು ಬಗೆ. ಚಳಿಗಾಲದಲ್ಲಿ ಎಳೆಯುವುದು ಬೇರೆಯೇ ಬಗೆ. ಕೊಳವೆಗಳಲ್ಲಿ ನೀರು ನಿಂತರೆ ಹೆಪ್ಪುಗಟ್ಟಿ, ಹಿಗ್ಗಿ, ಕೊಳವೆಗಳನ್ನೇ ಒಡೆಯುತ್ತದೆ. ಅದಕ್ಕಾಗಿ ಶರತ್ಕಾಲದಲ್ಲಿಯೇ ನೀರನ್ನೆಲ್ಲ ಬಸಿದು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ಕೊಳವೆಗಳಿಗೆ ತುಂಬಿಡುತ್ತಾರೆ. ಹಿಮದ ಸೀಮೆ ದಾಟುವವರೆಗೆ ನಲ್ಲಿ ತಿರುಗಿಸುವಂತಿಲ್ಲ. ಹೀಗಾಗಿ ಐದು ಗ್ಯಾಲನ್ನಿನ ನಾಲ್ಕು ಡಬ್ಬಿಗಳಲ್ಲಿ ನೀರು ತುಂಬಿಕೊಂಡೆವು. ಜನರೇಟರ್, ಅಕ್ಕಿಯ ಚೀಲ, ಮಕ್ಕಳ ಎರಡು ಸೈಕಲ್ಲು ಸೇರಿದವು. ಇವನ್ನೆಲ್ಲ ಎಲ್ಲಿಡುವುದು? ಹಿಂಭಾಗದಲ್ಲಿ ಜಾಗವಿತ್ತು, ಅಲ್ಲಿಯೇ ಇಟ್ಟೆವು. ನಮ್ಮ ತಪ್ಪು ಅಲ್ಲಿಂದಲೇ ಆರಂಭವಾಯಿತು.

ಶನಿವಾರ ಬೆಳಗಿನ ಜಾವ ಡೆಟ್ರಾಯಿಟ್ ಬಳಿಯ ನಮ್ಮ ಊರಿನಿಂದ ಹೊರಟು 75ನೆಯ ಅಂತರರಾಜ್ಯ ಹೆದ್ದಾರಿಯನ್ನು ಹಿಡಿದೆವು. ಕೆನಡಾದ ಗಡಿಯಿಂದ ಮಯಾಮಿಯ ಸಮೀಪದವರೆಗೆ ಸುಮಾರು 1,780 ಮೈಲಿ ಹರಿಯುವ ಈ ರಸ್ತೆ ಉತ್ತರದವರನ್ನು ಬಿಸಿಲಿಗೆ ಒಯ್ಯುವ ಹೆದ್ದೊರೆಯೇ ಸರಿ. ಪ್ರತಿ ಚಳಿಗಾಲದಲ್ಲಿ ದಕ್ಷಿಣಕ್ಕೆ ವಲಸೆ ಹೋಗುವ ವೃದ್ಧ ದಂಪತಿಗಳನ್ನು ಇಲ್ಲಿಯವರು 'ಹಿಮದ ಹಕ್ಕಿಗಳು' ಎಂದು ಕರೆಯುತ್ತಾರೆ. ಈ ಸಲ ನಾವೂ ಆ ಹಕ್ಕಿಗಳ ಸಾಲಿನಲ್ಲಿ ಸೇರಿದೆವು.

ಓಹಾಯೋ ರಾಜ್ಯದ ಉತ್ತರ ಭಾಗ ಅಂಗೈಯಂತೆ ಸಪಾಟಾದ ಬಯಲು. ಗಾಳಿಗೆ ತಡೆಯೇ ಇಲ್ಲ. ಅಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಅದರ ಗಾಳಿಯ ಹೊಡೆತಕ್ಕೆ ನಮ್ಮ ಕ್ಯಾಂಪರ್ ಒಮ್ಮೆ ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ ವಾಲಿತು. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗತೊಡಗಿತು. ಕನ್ನಡಿಯಲ್ಲಿ ನಮ್ಮ ಮನೆಯೇ ನಮ್ಮನ್ನು ಮೀರಿ ಪಕ್ಕಕ್ಕೆ ಬರುವಂತೆ ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಟ್ರಕ್ಕಿನ ಬ್ರೇಕನ್ನು ಜೋರಾಗಿ ಒತ್ತಿದರೆ ಹಿಂದಿನ ಗಾಡಿ ಮುಂದಿನದನ್ನು ತಳ್ಳಿ ಎರಡೂ ಉರುಳುವ ಸಂಭವವುಂಟು. ಅನುಭವಸ್ಥ ಮಿತ್ರರೊಬ್ಬರು ಹೇಳಿಕೊಟ್ಟಿದ್ದ ಪಾಠ ಪುಣ್ಯಕ್ಕೆ ನೆನಪಾಯಿತು. ವೇಗದ ಪೆಡಲಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಕ್ಯಾಂಪರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲನೆ ಒತ್ತಿದೆವು. ಕೆಲವು ಕ್ಷಣಗಳಲ್ಲಿ ತೂಗಾಟ ನಿಂತಿತು. ನಮ್ಮ ಕೈನಡುಕ ಮಾತ್ರ ನಿಲ್ಲಲಿಲ್ಲ.

ಮುಂದಿನ ಲಾರಿ ತಂಗುದಾಣದಲ್ಲಿ ಇಳಿದೆವು. ಯಾರಿಗೂ ಮಾತು ಹೊರಡಲೊಲ್ಲದು. "ಮನೆಗೆ ಹಿಂದಿರುಗೋಣ. ಮಕ್ಕಳೂ ಅತ್ತೆಯವರೂ ಜೊತೆಗಿದ್ದಾರೆ" ಎಂದರು ಶ್ರೀಮತಿಯವರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟರಲ್ಲಿ ತಾಯಿಯವರು ಶಾಲು ಹೊದ್ದು ಕೆಳಗಿಳಿದು, ಗಾಡಿಯ ಸುತ್ತ ಒಂದು ಸುತ್ತು ಬಂದು ಕೇಳಿದರು: "ಅಲ್ಲೋ ತಮ್ಮಾ, ಬಂಡಿ ಹೇರೂದು ನಿನಗ ಮರತುಹೋತೇನು? ಹಿಂದ ಭಾರ ಆದರ ನೊಗ ಮ್ಯಾಲ ಏಳತೈತಿ, ಎತ್ತಿನ ಹಿಡಿತಕ್ಕ ಬಂಡಿ ಸಿಗಂಗಿಲ್ಲ. ನಿಮ್ಮಪ್ಪ ಕಣದಾಗ ಎಷ್ಟು ಸಲ ಹೇಳ್ತಿದ್ರು!"

ಆ ತಂಗುದಾಣದಲ್ಲಿ ಲಾರಿಗಳನ್ನು ತೂಗುವ ಕಟ್ಟೆಯಿತ್ತು. ಕ್ಯಾಂಪರ್ ಜೋಡಿಸಿದಾಗ ಟ್ರಕ್ಕಿನ ಗಾಲಿಗಳ ಮೇಲೆ ಬೀಳುವ ತೂಕವನ್ನೂ, ಕ್ಯಾಂಪರ್ ಬಿಚ್ಚಿದ ಮೇಲೆ ಟ್ರಕ್ಕೊಂದರದೇ ತೂಕವನ್ನೂ ತೆಗೆದರೆ, ಅವುಗಳ ವ್ಯತ್ಯಾಸವೇ ಕ್ಯಾಂಪರಿನ ಮೂತಿ ಟ್ರಕ್ಕಿನ ಮೇಲೆ ಹೊರಿಸುವ ಭಾರ. ಈ ಭಾರವು ಕ್ಯಾಂಪರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಇರಬೇಕೆಂಬುದು ನಿಯಮ. ನಮ್ಮ ಗಾಡಿಗೆ ಕನಿಷ್ಠ 500 ಪೌಂಡ್ ಬೇಕಿತ್ತು. ಇದ್ದದ್ದು 300 ಮಾತ್ರ! ಶಾಲೆಗೆ ಹೋಗದ ತಾಯಿಯವರು ಕಣ್ಣಳತೆಯಲ್ಲಿ ಕಂಡದ್ದನ್ನು ಎಂಜಿನಿಯರರಾದ ನಾವು ತಕ್ಕಡಿಯಲ್ಲಿ ಕಾಣಬೇಕಾಯಿತು.

ಆ ಚಳಿಯಲ್ಲಿಯೇ ನೀರಿನ ಡಬ್ಬಿಗಳನ್ನೂ ಜನರೇಟರನ್ನೂ ಕ್ಯಾಂಪರಿನ ಮುಂಭಾಗಕ್ಕೆ ಸಾಗಿಸಿದೆವು. ಮತ್ತೆ ತೂಗಿದಾಗ 580 ಪೌಂಡ್ ಬಂದಿತು. ಗಂಟೆಗೆ 60 ಮೈಲಿ ಮೀರುವುದಿಲ್ಲವೆಂದು ಶ್ರೀಮತಿಯವರಿಗೆ ಮಾತು ಕೊಟ್ಟೆವು. ಇಂಥ ಗಾಡಿಗಳ ಅನೇಕ ಟೈರುಗಳ ವೇಗದ ಮಿತಿಯೇ 65 ಮೈಲಿ ಎಂಬುದನ್ನೂ ಓದುಗರು ಗಮನಿಸಬೇಕು. ಪ್ರಯಾಣ ಮುಂದುವರಿಯಿತು. ಲಾರಿಗಳು ಮತ್ತೆ ಮತ್ತೆ ದಾಟಿಹೋದವು, ಗಾಡಿ ಅಲುಗಲಿಲ್ಲ.

ಸಿನ್ಸಿನಾಟಿಯಲ್ಲಿ ಓಹಾಯೋ ನದಿಯನ್ನು ದಾಟಿ, ರಾತ್ರಿ ಕೆಂಟಕಿಯ ಲೆಕ್ಸಿಂಗ್ಟನ್ ಬಳಿ ತಂಗಿದೆವು. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗಿನ ಚಳಿ. ಒಳಗೆ ಡಬ್ಬಿಯ ನೀರಿನಲ್ಲಿ ಬೇಯಿಸಿದ ಬಿಸಿ ಅನ್ನ, ಸಾರು. ಚಳಿ ಕಾಯಿಸಲು ಅಡಿಗೆಯ ಒಲೆಯನ್ನು ಹೊತ್ತಿಸಿಡಬಾರದು. ಮುಚ್ಚಿದ ಗಾಡಿಯಲ್ಲಿ ವಿಷಾನಿಲ ತುಂಬುತ್ತದೆ. ಅದನ್ನು ಗುರುತಿಸಿ ಕೂಗುವ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿಯೇ ಮಲಗಿದೆವು.

ಎರಡನೆಯ ದಿನ ಜೆಲ್ಲಿಕೋ ಎಂಬಲ್ಲಿ ಟೆನೆಸ್ಸಿ ರಾಜ್ಯದ ಬೆಟ್ಟಗಳು ಎದುರಾದವು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿದರೆ ಅದು ಕಾದು ಸೋಲುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಇಳಿಯಬೇಕು. ಮುಂದೆ ಹೈವಾಸೀ ನದಿಯ ಬಳಿ ಮಂಜಿನ ಎಚ್ಚರಿಕೆಯ ಫಲಕಗಳು ಕಂಡವು. 1990ರ ಡಿಸೆಂಬರ್ 11ರಂದು ಕ್ಯಾಲ್ಹೂನ್ ಬಳಿಯ ಇದೇ ಹೆದ್ದಾರಿಯ ದಟ್ಟ ಮಂಜಿನಲ್ಲಿ 99 ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದು 12 ಜನ ಸತ್ತರು. ಆ ದುರಂತದ ಬಳಿಕವೇ ಅಲ್ಲಿ ಮಂಜನ್ನು ಗುರುತಿಸಿ ಎಚ್ಚರಿಸುವ ವ್ಯವಸ್ಥೆ ಬಂದಿತು. ನಾವು ಹೋದಾಗ ನಿಚ್ಚಳ ಬಿಸಿಲಿತ್ತು. ಆದರೂ ವೇಗವನ್ನು ಇಳಿಸಿದೆವು.

ಎರಡು ಗಂಟೆಗೊಮ್ಮೆ ನಿಲ್ಲಿಸಿ ತಾಯಿಯವರನ್ನು ನಾಲ್ಕು ಹೆಜ್ಜೆ ನಡೆಸುತ್ತಿದ್ದೆವು. "ನಾ ಹಿಂದಿನ ಮನ್ಯಾಗ ಮಲಗತೀನಿ" ಎಂದು ಅವರು ಒಮ್ಮೆ ಕೇಳಿದರು. ಓಡುವ ಕ್ಯಾಂಪರಿನಲ್ಲಿ ಯಾರೂ ಇರಬಾರದೆಂಬುದು ನಮ್ಮ ನಿಯಮ. ಅದನ್ನು ಅವರಿಗಾಗಿಯೂ ಸಡಿಲಿಸಲಿಲ್ಲ. ಪ್ರತಿ ನಿಲುಗಡೆಯಲ್ಲಿ ಹಿಚ್ಚಿನ ಕೊಕ್ಕೆ, ಅಡ್ಡಹಾಯಿಸಿ ಕಟ್ಟಿದ ಸುರಕ್ಷಾ ಸರಪಳಿಗಳು, ದೀಪಗಳು, ಟೈರಿನ ಬಿಸಿ ಇವನ್ನು ನೋಡುವ ಕೆಲಸ ಮಕ್ಕಳ ಪಾಲಿಗೆ ಬಂದಿತು. ಇಂಧನದ ಖರ್ಚು ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಮೂರನೆಯ ದಿನ ಸಂಜೆ ಫ್ಲಾರಿಡಾದ ಬ್ಲೂ ಸ್ಪ್ರಿಂಗ್ ಉದ್ಯಾನವನ್ನು ತಲುಪಿದೆವು. ಕೊಳವೆಗಳ ಗುಲಾಬಿ ದ್ರವವನ್ನು ತೊಳೆದು ಹಾಕಿ ನಲ್ಲಿಯಲ್ಲಿ ನೀರು ಬಿಟ್ಟಾಗ ಮಕ್ಕಳು ಚಪ್ಪಾಳೆ ತಟ್ಟಿದರು. 1972ರಲ್ಲಿ ರಾಜ್ಯ ಸರಕಾರವು ಕೊಂಡುಕೊಂಡ ಈ ಸ್ಥಳದಲ್ಲಿ ನೆಲದಿಂದ ಚಿಮ್ಮುವ ಬುಗ್ಗೆಯ ನೀರು ವರ್ಷವಿಡೀ ಸುಮಾರು 22 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ. ಚಳಿ ತಾಳಲಾರದ ಮ್ಯಾನಟೀ ಎಂಬ ನೀರ್ಪ್ರಾಣಿಗಳು ಸೇಂಟ್ ಜಾನ್ಸ್ ನದಿಯಿಂದ ಇಲ್ಲಿಗೆ ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಹತ್ತು ಅಡಿ ಉದ್ದದ, ಅರ್ಧ ಟನ್ ತೂಗುವ, ಸೊಪ್ಪು ಹುಲ್ಲುಗಳನ್ನಷ್ಟೇ ತಿನ್ನುವ ಸಾಧು ಜೀವಿಗಳು. ಮರದ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು, ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ಮೆಲ್ಲನೆ ತೇಲುತ್ತಿದ್ದ ತಾಯಿಯೊಂದನ್ನು ನಮ್ಮ ತಾಯಿಯವರು ಬಹಳ ಹೊತ್ತು ನೋಡಿದರು. "ಇವೂ ನನ್ನಂಗ ಬಿಸಿಲು ಹುಡುಕ್ಕೋತ ಬಂದಾವು" ಎಂದರು.

ಮೂರು ದಿನ ಅಲ್ಲಿದ್ದು, ಮೂರು ದಿನಗಳಲ್ಲಿ ಸುಖವಾಗಿ ಹಿಂದಿರುಗಿದೆವು. ಹೊರಡುವ ಮುನ್ನ ಕೊಳವೆಗಳಿಗೆ ಮತ್ತೆ ದ್ರವ ತುಂಬಿದ್ದಾಯಿತು. ಸಾಮಾನು ಹೇರುವಾಗ ತಾಯಿಯವರು ಕುರ್ಚಿ ಹಾಕಿಸಿಕೊಂಡು ಎದುರಿಗೆ ಕುಳಿತಿದ್ದರು. ಅವರು ತಲೆದೂಗಿದ ಮೇಲೆಯೇ ಬಾಗಿಲು ಹಾಕಿದೆವು.

ಪರದೇಶದಲ್ಲಿರುವ ನಮ್ಮ ಅನೇಕ ಕುಟುಂಬಗಳು ಈಗ ಇಂಥ ಪ್ರವಾಸಗಳಿಗೆ ಮನಸ್ಸು ಮಾಡುತ್ತಿವೆ. ಅವರಿಗೆ ನಮ್ಮ ವಿನಂತಿ ಇಷ್ಟೇ: ಹೊರಡುವ ಮೊದಲು ಗಾಡಿಯನ್ನು ತೂಗಿಸಿರಿ, ಭಾರವನ್ನು ಮುಂದಕ್ಕೆ ಹೇರಿರಿ, ಅವಸರವನ್ನು ಮನೆಯಲ್ಲಿಯೇ ಬಿಡಿರಿ. ಊರಿನಿಂದ ಬಂದ ಹಿರಿಯರನ್ನು ಕಿಟಕಿಯ ಬಳಿ ಕೂರಿಸಿ ಮರೆಯದೆ, ಜೊತೆಗೆ ಕರೆದೊಯ್ಯಿರಿ. ಅವರ ಮೊಣಕಾಲಿನ ಚಿಂತೆ ಮಾಡುತ್ತ ಹೊರಟ ನಮ್ಮನ್ನು ದಾರಿಯಲ್ಲಿ ಕಾಪಾಡಿದ್ದು ಅವರ ತಿಳಿವಳಿಕೆಯೇ.